ಹಳತು ಬೇರೆ, ಹಳಸಿದ್ದು ಬೇರೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಮೊಂಡಿ,

ಹೇಗಿದ್ದೀಯೆ? ಮಗಳು, ಅಳಿಯ ಚೆನ್ನಾಗಿದ್ದಾರೆ ತಾನೆ? ನಿನ್ನ ಕಾಗದ ಬಂದು ತಿಂಗಳಾಯಿತು. ತಡ ಮಾಡಿದ್ದಕ್ಕೆ ಬೈದುಕೋ. ಓದಿದ ದಿನವೇ ಬರೆಯಲು ಕೂತಿದ್ದರೆ ಬರೀ ಜಗಳ ಬರೆಯುತ್ತಿದ್ದೆ.

ಆ ನಾಲ್ವರ ಬ್ಯಾಂಡಿನ ಕಾಲ ಮುಗೀತು, ಅದೆಲ್ಲ ಹುಡುಗಾಟ ಅಂತ ಬರೆದೆಯಲ್ಲ! ರಾಕ್ ಸಂಗೀತ ಇನ್ನೂ ಅಂಬೆಗಾಲಿಡುತ್ತಿದ್ದಾಗ ಕೈಹಿಡಿದು ನಡೆಸಿದವರನ್ನು ಒಂದೇ ಸಾಲಲ್ಲಿ ಮೂಲೆಗೆ ತಳ್ಳಿಬಿಟ್ಟೆ. ಅವರ ಹಾಡು ಕೇಳಿಯೇ ಅಲ್ಲವೇನೇ, ಹಾಸ್ಟೆಲ್ಲಿನ ಬಟ್ಟೆ ಒಣಹಾಕುವ ಕೋಣೆಯಲ್ಲಿ ನಾವು ಬ್ಯಾಂಡ್ ಕಟ್ಟಿದ್ದು? ನಾನು ಬಕೆಟ್ ಬಡಿಯುತ್ತಿದ್ದೆ, ನೀನು ಬೇಸ್ ಗಿಟಾರ್ ನುಡಿಸುತ್ತಾ ಹಾಡುತ್ತಿದ್ದೆ.

ಸರಿ, ನೋಡಿಯೇ ಬಿಡೋಣ ಅಂತ ನನ್ನ ಹತ್ತಿರ ಡ್ರಮ್ ಕಲಿಯುವವರಿಗೆ ಅವರ ರೆಕಾರ್ಡ್ ಹಾಕಿದೆ. ನನ್ನ ಕೋಣೆ ಲಾಂಡ್ರಿಯ ಮೇಲಿದೆ. ಕೆಳಗೆ ಮೆಷಿನ್ ತಿರುಗಿದರೆ ನೆಲವೂ ತಾಳ ಹಾಕುತ್ತದೆ. ನರ್ಸಿಂಗ್ ಓದುವ ಹುಡುಗಿ ನಕ್ಕು, ಇದು ನಮ್ಮಜ್ಜಿ ಕಾಲದ್ದಲ್ವಾ ಮೇಡಂ ಅಂದಳು. ನಾನು ಮತ್ತೊಮ್ಮೆ ಹಾಕಿದೆ. ಮೂರನೇ ಸಲ ಅವಳೇ ಸೂಜಿ ಎತ್ತಿ ಮೊದಲಿಗಿಟ್ಟಳು.

"ಮೇಡಂ, ಇವರು ನುಡಿಸ್ತಾ ನುಡಿಸ್ತಾ ಒಬ್ಬರನ್ನೊಬ್ಬರು ಕೇಳಿಸ್ಕೊಳ್ತಿದ್ದಾರೆ," ಅಂದಳು.

ಇಷ್ಟು ವರ್ಷ ನನ್ನ ಬಾಯಿಗೆ ಬಾರದ ಮಾತು ಅದು ಕಣೇ.

ನಿನ್ನೆ ಬಡಾವಣೆಯ ಸಭಾಂಗಣದಲ್ಲಿ, ಇಲ್ಲಿನ ನಮ್ಮ ಪುಟ್ಟ ಬ್ಯಾಂಡಿನವರೆಲ್ಲ ಸೇರಿ ಆ ಹಾಡುಗಳನ್ನೇ ನುಡಿಸಿದೆವು. ಹೊಸ ಹಾಡು ಇಟ್ಟುಕೊಳ್ಳಿ, ಜನ ಎದ್ದು ಹೋಗ್ತಾರೆ ಅಂತ ಬಡಾವಣೆ ಸಂಘದ ಕಾರ್ಯದರ್ಶಿ ಬೆನ್ನುಬಿದ್ದಿದ್ದ. ಹೋದರೆ ಖಾಲಿ ಕುರ್ಚಿಗೇ ನುಡಿಸ್ತೀನಿ ಅಂದೆ. ಸುಳ್ಳೇಕೆ, ಕೆಲವರು ಎದ್ದು ಹೋದರು. ಉಳಿದವರು ಕುರ್ಚಿ ಸರಿಸಿ ಕುಣಿದರು. ಮೀಸೆ ಚಿಗುರದ ಹುಡುಗರೂ ಇದ್ದರು, ಮಂಡಿನೋವು ಮರೆತ ಹೆಂಗಸರೂ ಇದ್ದರು. ಕೊನೆಗೆ ಕಾರ್ಯದರ್ಶಿಯೇ ಬಂದು, ಮುಂದಿನ ತಿಂಗಳೂ ಬನ್ನಿ ಅಂದ.

ಹಳತಾಗೋದು ಬೇರೆ, ಹಳಸೋದು ಬೇರೆ. ನೀನು ಎಷ್ಟೇ ಮೊಂಡು ಹಿಡಿ, ಈ ಮಾತಿಂದ ನಾನು ಹಿಂದೆ ಸರಿಯೋಳಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮನೆಮಂದಿಗೆಲ್ಲ ಒಳ್ಳೆಯದಾಗಲಿ, ಮಗಳ ಹೊಟ್ಟೆ ತಣ್ಣಗಿರಲಿ.

ನಿನ್ನ
ಡೋಲು

ಇನ್ನೊಂದು ಮಾತು: ಇಷ್ಟು ಬರೆದು ಮುಗಿಸಿದ ಮೇಲೆ ನಿನ್ನ ಮಗಳು ಫೋನ್ ಮಾಡಿದ್ದಳು. ಅವಳನ್ನು ಬೈಯಬೇಡ. ಗಂಟಲಿನ ಆಪರೇಷನ್ ಆದಮೇಲೆ ನಿನ್ನ ದನಿ ಬರೀ ಉಸಿರಾಗಿದೆಯಂತೆ, ಇನ್ನು ಹಾಡೋಕಾಗಲ್ಲ ಅಂದರಂತೆ ಡಾಕ್ಟರು. ಅವತ್ತಿನಿಂದ ಮನೆಯಲ್ಲಿ ಯಾವ ಹಾಡನ್ನೂ ಹಾಕಗೊಡುತ್ತಿಲ್ಲವಂತೆ ನೀನು. ನನಗೊಂದು ಸಾಲು ಬರೆಯಬಾರದಿತ್ತೇನೇ? ಆ ನಾಲ್ವರ ಮೇಲೆ ಯಾಕೆ ಸಿಟ್ಟು ತೀರಿಸಿಕೊಂಡೆ ಅಂತ ಈಗ ತಿಳಿಯಿತು. ಗಂಟಲು ಹೋಯಿತು, ಸರಿ. ಬೆರಳಿಗೇನಾಗಿದೆ? ನಮ್ಮಲ್ಲಿ ಬೇಸ್ ನುಡಿಸುವವರಿಲ್ಲ. ಶುಕ್ರವಾರದ ರೈಲಿಗೆ ಬರ್ತಿದ್ದೀನಿ, ನಿನ್ನನ್ನು ಕರೆದುಕೊಂಡೇ ಹೋಗೋದು. ಮಾತಾಡೋದೇನೂ ಬೇಡ, ಬಾಗಿಲು ತೆಗೆ ಸಾಕು.