ನೀನು ಸೋಸಿ ಕಳಿಸಿದ ಹಳ್ಳದ ನೀರು

ಚಿಗವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಬದುಕಿದ್ದಾಗ ನನ್ನ ಕಾಗದಗಳನ್ನೆಲ್ಲ ಕಿರಾಣಿ ಅಂಗಡಿಯವನ ಹತ್ತಿರ ಓದಿಸಿಕೊಳ್ಳುತ್ತಿದ್ದೆ. ಇದನ್ನು ಓದಿ ಹೇಳಲು ಅಲ್ಲಿ ಯಾರೂ ಸಿಗದಿರಲಿ ಎಂದು ಬೇಡಿಕೊಂಡೇ ಬರೆಯಲು ಕೂತಿದ್ದೇನೆ. ಮೊದಲು ಒಂದು ಮಾತು ಕೇಳಿಬಿಡುತ್ತೇನೆ. ಆ ನೀರನ್ನು ಸೋಸು ಎಂದು ನಿನಗೆ ಹೇಳಿದವರು ಯಾರು?

ಅರ್ಜಿ ಹಾಕಿದ ದಿನ ನೆನಪಿದೆಯಾ? ಹೊಸಪೇಟೆಯಿಂದ ಬಂದವಳೇ ಕಟ್ಟೆಯ ಮೇಲೆ ಕೂತು ನಿನಗೆ ವಿವರಿಸಿದ್ದೆ. ಹೊರದೇಶದ ಒಂದು ವಿಶ್ವವಿದ್ಯಾಲಯ, ನೀರಿನ ನಿರ್ವಹಣೆಯ ಮೇಲೆ ಪಿಎಚ್.ಡಿ. ಮಾಡುವವರಿಗೆ ಫೆಲೋಶಿಪ್ ಕೊಡುತ್ತದೆ, ಅದೂ ನಮ್ಮಂಥ ಇನ್ನೂ ಮುಂದುವರಿಯಬೇಕಾದ ದೇಶದವರಿಗೆ ಮಾತ್ರ ಎಂದು. ನೀನು ಶೇಂಗಾ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ, "ಬಡವರ ದೇಶದೋರು ಅಂತ ಬರಕೊಟ್ರ ಓದಸ್ತಾರೇನವಾ? ಹಂಗಾರ ನಾನೂ ಹೋಗಬೌದಲ್ಲ" ಅಂದೆ. ನನಗೆ ನಗು ಬರಲಿಲ್ಲ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಆರು ವರ್ಷ ಸವೆದಿದ್ದೆ. ವಯಸ್ಸಿನ ಮಿತಿಗೆ ಅದೇ ನನ್ನ ಕೊನೆಯ ಅವಕಾಶ. ಇದೊಂದು ತಪ್ಪಿದರೆ ನನ್ನ ಕಥೆ ಮುಗಿಯಿತು ಎಂದು ನಿನಗೂ ಹೇಳಿದ್ದೆ.

ಅರ್ಜಿಯ ಜೊತೆ ಒಂದು ವರ್ಷದ ನೀರಿನ ಪರೀಕ್ಷೆಯ ವಿವರ ಬೇಕಿತ್ತು. ನಮ್ಮೂರ ಹಳ್ಳಕ್ಕಿಂತ ಒಳ್ಳೆಯ ಜಾಗ ಯಾವುದು? ಮೇಲೆ ಗುಡ್ಡ ಅಗೆಯುತ್ತಿದ್ದರು, ಕೆಳಗೆ ನೀರು ಕೆಂಪಗೆ ಹರಿಯುತ್ತಿತ್ತು. ಆದರೆ ಅದಿರಿನ ಲಾರಿಗಳ ಸಾಲಿನಲ್ಲಿ ಸಿಕ್ಕಿ ಸಂಡೂರು ದಾಟಿ ಚೋರನೂರಿನ ಆಚೆಗೆ ಪ್ರತಿ ವಾರ ಬರುವುದು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ನಿನ್ನನ್ನು ಹಿಡಿದೆ. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆ, ನಡುಹಳ್ಳದಲ್ಲಿ ತುಂಬು, ಮುಚ್ಚಳ ಬಿಗಿ ಮಾಡು, ಸೋಮವಾರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡು. ಒಂದು ವಾರವೂ ತಪ್ಪಿಸಲಿಲ್ಲ ನೀನು. ಜ್ವರ ಬಂದ ವಾರವೂ ಬಾಟಲಿ ಬಂತು.

ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗ ನಾನು ಬೆರಗಾದೆ. ನೀರು ತಿಳಿ. ಕಬ್ಬಿಣದ ಅಂಶ ಇಲ್ಲವೇನೋ ಎನ್ನುವಷ್ಟು ಕಡಿಮೆ. ಎದ್ದು ಬಸ್ಸು ಹತ್ತಿ ಒಂದು ಸಲ ನೋಡಿ ಬರಬಹುದಿತ್ತು. ಬರಲಿಲ್ಲ. ಬದಲಿಗೆ ಕೂತಲ್ಲೇ ಒಂದು ಸಿದ್ಧಾಂತ ಹೊಸೆದೆ. ಹಳ್ಳದ ಮರಳು, ದಂಡೆಯ ಆಪು ಹುಲ್ಲು ಸೇರಿ ಗಣಿಯ ಕೆಸರನ್ನು ಹಿಡಿದಿಟ್ಟುಕೊಳ್ಳುತ್ತವೆ, ಹಳ್ಳ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ! ಎಂಥ ಜಾಣೆ ನೋಡು ನಾನು. ಹೊರದೇಶದವರಿಗೆ ಅದು ಭಾರಿ ಹಿಡಿಸಿತು. ಆಯ್ಕೆಯಾಗಿದ್ದೀಯ ಎಂದು ಪತ್ರ ಬಂತು, ಪೇಪರಿನಲ್ಲೂ ಸುದ್ದಿ ಬಂತು, ನೀನು ಊರಿಗೆಲ್ಲ ಬೆಲ್ಲ ಹಂಚಿದೆ.

ಮರುವಾರವೇ ಶಾಲೆಯ ಮುಂದೆ ಶಾಮಿಯಾನ ಹಾಕಿ ಸಭೆ ಕರೆದರು. ಗಣಿ ದೊಡ್ಡದು ಮಾಡಲು ಊರವರ ಅಹವಾಲು ಕೇಳಬೇಕಿತ್ತಲ್ಲ. ಕುಡಿಯಲು ಬೇರೆ ನೀರು ಕೊಡ್ರಿ, ಕೆಸರು ಹಳ್ಳಕ್ಕೆ ಬಿಡಬ್ಯಾಡ್ರಿ ಎಂದು ಜನ ಕೇಳಿದರು. ಗಣಿಯ ಅಧಿಕಾರಿ, ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ಕೈ ಮಾಡಿ, ನಿಮ್ಮೂರ ಹುಡುಗಿಯೇ ನೀರು ಶುದ್ಧ ಇದೆ ಎಂದು ಬರೆದಿದ್ದಾಳೆ, ಹೊರದೇಶದವರೇ ಒಪ್ಪಿದ್ದಾರೆ ಅಂದ. ಆಗ ಹೆಂಗಸರ ನಡುವಿನಿಂದ ನೀನು ಎದ್ದೆ.

"ಸಾಯೇಬ್ರ, ಆ ನೀರು ನಾನ ತುಂಬಿ ಕಳಿಸೀನ್ರಿ. ಸೀರಿ ನಾಕು ಪದರು ಮಾಡಿ ಸೋಸಿ ಕಳಿಸೀನಿ. ಹೊರಗಿನೋರು ನೋಡೋ ನೀರು, ರಾಡಿ ಹೆಂಗ ಕಳಿಸ್ಲಿ?"

ನೀನು ಹೇಳಿದ್ದು ನಿಜ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಹುಟ್ಟಿದಾಗಿನಿಂದ ನೋಡಿದ್ದೇನೆ, ಸೋಸದ ನೀರನ್ನು ನೀನು ಬೀಗರ ಮುಂದೆ ಎಂದಾದರೂ ಇಟ್ಟಿದ್ದೆಯಾ? ಬಾಟಲಿಗಳೂ ಬೀಗರ ಮನೆಗೆ ಹೊರಟಂತೆಯೇ ಹೊರಟಿದ್ದವು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೌದು ಎಂದರೆ ಊರಿಗೆ ನೀರು ಸಿಗುತ್ತಿತ್ತು, ನನ್ನ ಫೆಲೋಶಿಪ್ ಹೋಗುತ್ತಿತ್ತು. ನಾನು ಎದ್ದು ನಿಂತೆ.

"ಚಿಗವ್ವಗ ವಯಸ್ಸಾಗೈತ್ರಿ. ಯಾವುದು ಮನಿ ನೀರು, ಯಾವುದು ಬಾಟ್ಲಿ ನೀರು, ಆಕಿಗೆ ನೆನಪಿರಲ್ಲ."

ಜನ ನಕ್ಕರು. ನೀನು ಸೆರಗು ಸರಿಮಾಡಿಕೊಂಡು ಕೂತೆ.

ಮನೆಗೆ ಬಂದ ಮೇಲೆ ನೀನು ಕೇಳಿದ್ದು ಒಂದೇ, "ನಾನು ಸುಳ್ಳು ಹೇಳಿದ್ನೇನವಾ?" ಎಂದು. ಇಲ್ಲ, ಆದರೆ ನೀನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಅಂದೆ ನಾನು. ಅಷ್ಟಕ್ಕೇ ಬಿಡಲಿಲ್ಲ. ಹೇಳಿದ್ದಷ್ಟು ಮಾಡುವ ಬುದ್ಧಿ ಇಲ್ಲದವಳು, ಹೆಬ್ಬೆಟ್ಟು ಎಂದೆಲ್ಲ ಬೈದೆ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದ್ದು ಅದೇ ಹೆಬ್ಬೆಟ್ಟು. ನೀನು ಎದುರಾಡದೆ ರೊಟ್ಟಿ ತಟ್ಟಿ, ಬಿಸಿ ಇರುವಾಗಲೇ ಉಣ್ಣು ಅಂದೆ. ಉಂಡೆ.

ಆಮೇಲೆ ಊರವರಿಗೆ ನೀನು ಮರೆವಿನವಳಾದೆ. ಬಾಣಂತಿಯರನ್ನು ನೋಡಿಕೊಳ್ಳಲು ನಿನ್ನನ್ನು ಕರೆಯುವುದು ಬಿಟ್ಟರು. ಮೇಯಲು ಹೋದ ಎಮ್ಮೆ ಬಂದಿಲ್ಲ ಎಂದು ನೀನು ಹೇಳಿದರೆ ಮೊದಲು ಕೊಟ್ಟಿಗೆ ನೋಡು ಎನ್ನುತ್ತಿದ್ದರಂತೆ. ಕೇಳಿ ಕೇಳಿ ನೀನೂ ನಂಬತೊಡಗಿದೆ. ಒಲೆ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಸಲ ಎದ್ದು ನೋಡುತ್ತಿದ್ದೆ. ನಾನು ಮಾಡಿದ್ದು ಅದು. ಆಮೇಲೆ ನಿನ್ನನ್ನು ಹಾಸಿಗೆ ಹಿಡಿಸಿದ ಕಾಯಿಲೆ ಏನೇ ಇರಲಿ, ಅದಕ್ಕಿಂತ ಮೊದಲು ನಿನ್ನ ತಲೆಗೆ ಕೈ ಹಾಕಿದವಳು ನಾನು, ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಕೊನೆಯ ದಿನ ನೀನು ನನ್ನನ್ನು ಹತ್ತಿರ ಕರೆದೆ. ಹಣೆ ಮುಟ್ಟಿ ನೋಡಬೇಕೇನೋ ಎಂದುಕೊಂಡು ಬಗ್ಗಿದೆ.

"ಖರೆ ಹೇಳವಾ. ನಾನು ಸೋಸಿದ್ನಾ, ಇಲ್ಲಾ?"

ಆಗಲಾದರೂ ಹೇಳಬಹುದಿತ್ತು. ಕೋಣೆಯಲ್ಲಿ ನರ್ಸ್ ಕೂಡ ಇರಲಿಲ್ಲ.

"ಇಲ್ಲ ಚಿಗವ್ವ. ಸೋಸಿಲ್ಲ ನೀನು."

ನಿನ್ನ ಮುಖ ಹಗುರಾಯಿತು. ಹಂಗಾರ ನಿನ್ನ ಕೆಲಸ ನಾನು ಕೆಡಿಸಲಿಲ್ಲ ಬಿಡು, ಅಂದೆ. ಅದೇ ನಿನ್ನ ಕೊನೆಯ ಮಾತು. ಅಷ್ಟು ಸಮಾಧಾನ ನಿನಗೆ ಬೇಕಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಚಿಗವ್ವ, ಅವತ್ತು ಸಮಾಧಾನ ಬೇಕಾಗಿದ್ದದ್ದು...

ನಿನ್ನ ದಿನಕರ್ಮ ಮುಗಿದ ಮರುದಿನ ನಾನೇ ಹಳ್ಳಕ್ಕಿಳಿದು ಒಂದು ಬಾಟಲಿ ತುಂಬಿಕೊಂಡು ಬಂದೆ. ಲ್ಯಾಬಿನಲ್ಲಿ ಯಂತ್ರ ಅದನ್ನು ಅಳೆಯಲೇ ಇಲ್ಲ, ಮಿತಿ ಮೀರಿದೆ ಎಂದು ತೋರಿಸಿ ಸುಮ್ಮನಾಯಿತು. ನೀರನ್ನು ಸಿಂಕಿಗೆ ಚೆಲ್ಲಿ, ಬಾಟಲಿ ತೊಳೆದಿಟ್ಟೆ. ಗಣಿಗೆ ಒಪ್ಪಿಗೆ ಸಿಕ್ಕಿದೆ. ಊರಿಗೆ ಬೇರೆ ನೀರು ಬೇಕಿಲ್ಲ ಎಂದು ಕಡತದಲ್ಲಿ ಬರೆದು ಮುಚ್ಚಿದ್ದಾರೆ.

ಬರುವ ಗುರುವಾರ ನನ್ನ ವಿಮಾನ. ನಾಲ್ಕು ವರ್ಷ ಅದೇ ಹಳ್ಳದ ಮೇಲೆ, ಅದೇ ಸುಳ್ಳಿನ ಮೇಲೆ ಸಂಶೋಧನೆ ಮಾಡುತ್ತೇನೆ. ನೀನು ಸೋಸಿದ್ದೆ ಚಿಗವ್ವ. ಪ್ರತಿ ಸೋಮವಾರ, ಒಂದು ವಾರವೂ ಬಿಡದೆ ಸೋಸಿದ್ದೆ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ, ಯಾಕೆಂದರೆ ಇನ್ನು ಯಾವ ಸಭೆಯಲ್ಲೂ ನೀನು ಎದ್ದು ನಿಲ್ಲುವುದಿಲ್ಲ.