ಕಬ್ಬಿಣದ ದೋಣಿಗೆ ಟಾಕಾ

ಶಹಾಬಾದ
ಬುಧವಾರ, ೧೮ ಸೆಪ್ಟೆಂಬರ್ ೧೯೭೪

ಪ್ರೀತಿಯ ಮುತ್ಯಾ,

ನಿನ್ನ ಮೊಮ್ಮಗ ದೇವೀಂದ್ರ ಇಲ್ಲಿಂದಲೇ ಬಗ್ಗಿ ನಿನ್ನ ಕಾಲು ಮುಟ್ಟಿದ್ದಾನೆ. ಸಿಟ್ಟಿನಲ್ಲಿ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಡ. ಕೆಮ್ಮು ಹೇಗಿದೆ? ಮಗಳ ಊರು ಕಾಳಗಿಯ ನೀರು ಒಗ್ಗಿತೋ ಇಲ್ಲವೋ? ಮರೆಮ್ಮತ್ತೆಯ ಕೈಯಡುಗೆ ನಿನಗೆ ಸೇರುತ್ತದೆ, ಅದು ನನಗೆ ಗೊತ್ತು, ಆದರೆ ಅವಳು ಖಾರ ಜಾಸ್ತಿ ಹಾಕುತ್ತಾಳೆ, ನೀನು ಬೇಡ ಅನ್ನುವುದಿಲ್ಲ. ಅತ್ತೇ, ಈ ಪತ್ರ ಓದಿ ಹೇಳುವವಳು ನೀನೇ ಅಲ್ಲವೇ? ಮುತ್ಯಾ ನಡುವೆ "ಸಾಕು ಬಿಡು" ಎಂದು ಎದ್ದು ಹೋದರೆ ಬೆನ್ನ ಹಿಂದೆಯೇ ಹೋಗಿ ಓದು. ಕಿವಿ ಕೇಳದವನ ಹಾಗೆ ಕೂತರೆ ಇನ್ನೂ ಜೋರಾಗಿ ಓದು. ಅವನ ಕಿವಿಗೆ ಏನೂ ಆಗಿಲ್ಲ.

ಮುತ್ಯಾ, ನಾನು ಗುಲಾಮ ದಸ್ತಗೀರ ಉಸ್ತಾದರ ಕಾರ್ಖಾನೆಯಲ್ಲಿ ಕಬ್ಬಿಣದ ಕೆಲಸ ಕಲಿಯಲು ಸೇರಿದಾಗ ನೀನು ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ನಾನು ಗೇಟು ಮಾಡಿದೆ, ಕಿಟಕಿಯ ಸರಳು ಮಾಡಿದೆ, ನೀರಿನ ಟಾಕಿ ಮಾಡಿದೆ, ನೀನು ತಡೆಯಲಿಲ್ಲ. ವೆಲ್ಡಿಂಗಿನ ಬೆಳಕಿಗೆ ಕಣ್ಣು ಉರಿದು ನಾನು ಮಗುವಿನ ಹಾಗೆ ಅಳುತ್ತಿದ್ದಾಗ ಆಲೂಗಡ್ಡೆ ಹೋಳು ಮಾಡಿ ನನ್ನ ರೆಪ್ಪೆಯ ಮೇಲಿಟ್ಟವನು ನೀನೇ. ಆದರೆ ಕಲಿಕೆ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬನೂ ಒಂದು ವಸ್ತುವನ್ನು ಒಬ್ಬನೇ ಮಾಡಿ ತೋರಿಸಬೇಕು ಎಂಬುದು ಉಸ್ತಾದರ ಕಟ್ಟಳೆ. ಅದು ಪಾಸಾದರೆ ಮಿಸ್ತ್ರಿ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಕಬ್ಬಿಣ ಹೊರಬೇಕು. ನಾನು ನಮ್ಮೂರ ಹೊಳೆ ದಾಟುವ ಕಡವಿಗೆ ಕಬ್ಬಿಣದ ದೋಣಿ ಮಾಡುತ್ತೇನೆ ಅಂದೆ. ಪಂಚಾಯಿತಿಯವರು ಕುಣಿದಾಡಿ ಪ್ಲೇಟು ಕೊಡಿಸಿದರು. ನೀನು ಮಾತ್ರ ಕಂಬಳಿ ಹೆಗಲಿಗೆ ಹಾಕಿಕೊಂಡು, "ಇವತ್ತ ಕಬ್ಬಿಣ ತೇಲಸ್ತಾನಂತ, ನಾಳಿ ಕಲ್ಲಿನ ಹಕ್ಕಿ ಹಾರಸ್ತಾನ. ಇಂಥಾ ಮನಿಯಾಗ ನಾ ಇರಂಗಿಲ್ಲ" ಎಂದು ಕಾಳಗಿಯ ಬಸ್ಸು ಹತ್ತಿಬಿಟ್ಟೆ. ಹರಿಗೋಲು ಹಾಕಿ ಊರವರನ್ನು ಜನ್ಮವೆಲ್ಲ ಕಾಗಿಣೆ ಹೊಳೆ ದಾಟಿಸಿದವನು ನೀನು. ನೀನು ಮನೆಯಲ್ಲಿ ಇಲ್ಲದೆ ನಾನು ಎಂಥ ಮಿಸ್ತ್ರಿಯಾದರೂ ನನಗೆ ಅದು ಅರ್ಧ ಊಟ ಮಾಡಿ ಎದ್ದ ಹಾಗೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಈಗ ನಿನಗೆ ನಗು ಬರುವ ಸುದ್ದಿ ಹೇಳುತ್ತೇನೆ. ದೋಣಿಯ ತಳದ ಪ್ಲೇಟುಗಳನ್ನು ಜೋಡಿಸಿ ಇಟ್ಟಿದ್ದೆ. ಉಸ್ತಾದರು ನಮಾಜಿಗೆ ಹೊರಡುತ್ತಾ "ದೇವೀಂದ್ರ, ನಾ ಬರೋದ್ರಾಗ ಟಾಕಾ ಹಾಕಿಡು" ಅಂದರು. ಟಾಕಾ ಅಂದರೆ ಹೊಲಿಗೆ ತಾನೇ? ದವಾಖಾನೆಯಲ್ಲಿ ಹಾಕುವುದೂ ಅದೇ. ಹೊಲಿಗೆ ಎಂದ ಕೂಡಲೇ ನನಗೆ ನೆನಪಾದವನು ನೀನು. ಹರಿಗೋಲಿಗೆ ಚರ್ಮ ಹೊಲಿಯಲು ಕೂತರೆ ಈ ತುದಿಯಿಂದ ಆ ತುದಿ ಮುಟ್ಟುವ ತನಕ ಕೈ ಎತ್ತಬಾರದು, ಎತ್ತಿದ ಜಾಗದಲ್ಲೇ ಹೊಳೆ ಒಳಗೆ ಬರುತ್ತದೆ ಎಂದು ನೀನು ಹೇಳಿಕೊಟ್ಟಿಲ್ಲವೇ? ಸರಿ, ಕಪ್ಪು ಗಾಜು ಮುಖಕ್ಕೆ ಹಿಡಿದು ಕೂತೆ. ಯಾರು ಕರೆದರೂ ಓ ಅನ್ನಲಿಲ್ಲ. ಒಂದೇ ಉಸಿರಿಗೆ ಅನ್ನುವ ಹಾಗೆ ಉದ್ದಕ್ಕೂ ಬೆಸೆದುಕೊಂಡು ಹೋದೆ. ಮುಗಿಸಿ ಗಾಜು ತೆಗೆದು ನೋಡಿದರೆ ಅಯ್ಯಯ್ಯೋ, ತಳದ ಪ್ಲೇಟು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಡೊಂಕಾಗಿ ಎದ್ದು ನಿಂತಿದೆ!

ಉಸ್ತಾದರು ಬಂದವರು ನೋಡಿದರು, ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅರೇ ಬೇಟಾ, ಟಾಕಾ ಅಂದ್ರ ಪ್ಲೇಟ್ ಅಲಗಾಡಬಾರ್ದು ಅಂತ ಅಲ್ಲೊಂದು ಚೂರು ಇಲ್ಲೊಂದು ಚೂರು ಹಚ್ಚೋದು. ಹಳೀ ಅರಿವಿ ಕೌದಿ ಹೊಲಿದಂಗ ಪೂರಾ ಹೊಲಿ ಅಂತ ನಾ ಯಾವಾಗ ಅಂದೆ?" ನಾನು ನಿನ್ನ ಹೊಲಿಗೆಯ ಮಾತು ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚರ್ಮಕ್ಕೆ ಸೂಜಿ, ಕಬ್ಬಿಣಕ್ಕೆ ಬೆಂಕಿ. ಕಾದ ಕಬ್ಬಿಣ ಒಂದೇ ಕಡೆ ಜಗ್ಗುತ್ತದೆ, ಅದಕ್ಕೆ ತುಸು ಬೆಸೆದು ಆರಲು ಬಿಟ್ಟು ಇನ್ನೊಂದು ಕಡೆ ಹೋಗಬೇಕು ಎಂದು ಕೂರಿಸಿಕೊಂಡು ತಿಳಿಸಿದರು. ಆ ಹೊಲಿಗೆಯನ್ನೆಲ್ಲ ಕಡಿದು, ಪ್ಲೇಟನ್ನು ಬಡಿದು ಸಪಾಟು ಮಾಡುವುದರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. ಅಂದಿನಿಂದ ಕಾರ್ಖಾನೆಯವರೆಲ್ಲ ನನ್ನನ್ನು ಕೌದಿ ದೇವೀಂದ್ರ ಎಂದು ಕರೆಯುತ್ತಾರೆ. ಕರೆಯಲಿ.

ಎರಡನೆಯ ಸಲ ಸರಿಯಾಗಿ ಕೂತಿತು. ನೀರು ಸೋರುತ್ತದೋ ಇಲ್ಲವೋ ಎಂದು ಹೊಳೆಗೆ ಹಾಕಿ ನೋಡುವುದಿಲ್ಲ, ಮುತ್ಯಾ. ಹೊರಗಡೆ ಬೆಸುಗೆಯ ಮೇಲೆ ಸುಣ್ಣ ಬಳಿದು ಒಣಗಿಸಿ, ಒಳಗಡೆಯಿಂದ ದೀಪಕ್ಕೆ ಹಾಕುವ ಚಿಮಣಿ ಎಣ್ಣೆ ಹಚ್ಚುತ್ತಾರೆ. ಎಲ್ಲಿ ಸಂದು ಇದೆಯೋ ಅಲ್ಲಿ ಸುಣ್ಣ ತೊಯ್ದು ಕಪ್ಪಾಗುತ್ತದೆ. ನಾನು ದೋಣಿಯ ಸುತ್ತ ತಿರುಗಿದ್ದೇ ತಿರುಗಿದ್ದು. ಮೂತಿಯ ಹತ್ತಿರ ಸಾಸಿವೆಯಷ್ಟು ಒಂದು ಕಲೆ ಮೂಡಿತು. ಅದನ್ನು ಕೆತ್ತಿ ಮತ್ತೆ ಬೆಸೆದೆ. ಆಮೇಲೆ ಸುಣ್ಣ ಬೆಳ್ಳಗೆ ಉಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು.

ಮೊನ್ನೆ ಭಾನುವಾರ ಲಾರಿಯಲ್ಲಿ ಹೇರಿಕೊಂಡು ಊರಿಗೆ ಒಯ್ದೆವು. ದಂಡೆಯ ತುಂಬ ಜನ. ನೀನಿಲ್ಲವೆಂದು ಆಯಿ ಒಬ್ಬಳೇ ಹೊಳೆಯ ಗಂಗವ್ವನಿಗೆ ಕುಪ್ಪಸ, ಅರಿಷಿಣ-ಕುಂಕುಮ ಏರಿಸಿ ಕಾಯಿ ಒಡೆದಳು. "ಮೊದಲ ದಾಟು ಯಾರದು?" ಎಂದು ಜನ ಕೇಳಿದಾಗ ನಾನು ಉಸ್ತಾದರ ಮುಖ ನೋಡಿದೆ. ಪಾಪ, ಬೆಂಕಿಗೆ ಹೆದರದ ಮನುಷ್ಯ ನೀರು ಕಂಡರೆ ನಡುಗುತ್ತಾರೆ. ಆದರೂ "ಇವನ ಕೆಲಸಕ್ಕ ನಾ ಕುಂದ್ರದಿದ್ರ ಯಾರು ಕುಂದ್ರಬೇಕು?" ಎಂದು ಪಾಯಿಜಾಮ ಮೇಲೆತ್ತಿ ಹತ್ತಿದರು. ಹೋಗುವಾಗಲೂ ಬರುವಾಗಲೂ ಕಣ್ಣು ಮುಚ್ಚಿ ಬಿಸ್ಮಿಲ್ಲಾ ಬಿಸ್ಮಿಲ್ಲಾ ಎನ್ನುತ್ತಾ ನನ್ನ ಹೆಗಲು ಹಿಡಿದಿದ್ದರು. ನಡುಹೊಳೆಯಲ್ಲಿ ನಾನು ಹರಿಗೋಲಿನ ರೂಢಿಯಲ್ಲಿ ಹುಟ್ಟು ಹಾಕಿ ದೋಣಿಯನ್ನು ಗಿರ್ರನೆ ತಿರುಗಿಸಿಬಿಟ್ಟೆ, ದಂಡೆಯ ಮೇಲೆ ಹೆಂಗಸರೆಲ್ಲ ಕಿರುಚಿದರು. ಆದರೆ ಮುತ್ಯಾ, ಒಂದು ಹನಿ ನೀರು ಒಳಗೆ ಬರಲಿಲ್ಲ! ಕಬ್ಬಿಣ ತೇಲಿತು! ದಂಡೆಗೆ ಇಳಿದ ಮೇಲೆ ಉಸ್ತಾದರು ಎಲ್ಲರ ಎದುರು ನನ್ನ ಬೆನ್ನು ತಟ್ಟಿ, "ಇನ್ ಮ್ಯಾಲ ಇವಗ ಮಿಸ್ತ್ರಿ ಅನ್ರಿ" ಅಂದರು. ನನಗೆ ಖುಷಿ ತಡೆಯಲಾಗದೆ ಬಟ್ಟೆಯ ಸಮೇತ ಹೊಳೆಗೆ ಹಾರಿದೆ.

ಅವ್ವ, ಅಪ್ಪ, ಆಯಿ ಎಲ್ಲರೂ ಕ್ಷೇಮ. ಅತ್ತೆಗೆ, ಮಾಮನಿಗೆ ನನ್ನ ಶರಣು ಹೇಳು. ಉಸ್ತಾದರು ನಿನಗೆ ಸಲಾಂ ಹೇಳಿದ್ದಾರೆ, ನಿನ್ನ ಹೊಲಿಗೆಯನ್ನು ಒಮ್ಮೆ ಕಣ್ಣಾರೆ ನೋಡಬೇಕಂತೆ. ಕೆಮ್ಮು ಇರುವಾಗ ಬೀಡಿ ಮುಟ್ಟಬೇಡ.

ನಿನ್ನ ಮೊಮ್ಮಗ,
ದೇವೀಂದ್ರಪ್ಪ ಮಿಸ್ತ್ರಿ
(ಹೀಗೆ ಸಹಿ ಮಾಡಿದ್ದು ಇದೇ ಮೊದಲು)

ಅವಸರದಲ್ಲಿ ಇನ್ನೊಂದು ಮಾತು: ದೋಣಿ ನಡೆಸುವವರು ಯಾರು ಎಂದು ಪಂಚಾಯಿತಿಯವರು ಕೇಳುತ್ತಿದ್ದಾರೆ. ಅಪ್ಪನಿಗೆ ಹೊಲದ ಕೆಲಸ, ನಾನು ಇಲ್ಲಿ. ಆಚೆ ದಂಡೆಯ ಅಂಬರಾಯ, ನೀನು ಮೂವತ್ತು ವರ್ಷದಿಂದ ಮುಖ ನೋಡದ ಅದೇ ಅಂಬರಾಯ, "ಮಾಣಿಕಪ್ಪನ ಕೈಲೆ ಈಗೇನು ಆಗ್ತದ್ರಿ? ಕೊಡ್ರಿ, ನಾನೇ ಹಿಡೀತೀನಿ" ಎಂದು ನಿನ್ನ ಹೆಸರು ಹಿಡಿದೇ ಎಲ್ಲರ ಮುಂದೆ ಹೇಳಿದ್ದಾನೆ. ಬರುವ ಸೋಮವಾರದಿಂದ ಹುಟ್ಟು ಅವನ ಕೈಗೆ. ಇದನ್ನು ನಿನಗೆ ತಿಳಿಸಲೇಬಾರದು ಎಂದು ಆಯಿ ತಾಕೀತು ಮಾಡಿದ್ದಾಳೆ. "ಇದನ್ನ ಬರೆದ್ರ ಮುದುಕ ಬಸ್ಸಿಗೂ ಕಾಯಂಗಿಲ್ಲ, ಕಾಳಗಿಲಿಂದ ನಡಕೋತನೇ ಬರ್ತಾನ" ಅಂದಳು. ಅದಕ್ಕೇ ಬರೆದಿದ್ದೇನೆ.