ಭಾರದ ಗುಂಡು

ಮೋರಾ
ಆಗಸ್ಟ್ ೨೩

ಮುದ್ದಿನ ಡೆಲ್ಫಿನಾ,

ಹೇಗಿದ್ದೀ ಮಗಳೇ? ಸೈನ್ಯದ ತರಬೇತಿಯಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರಾ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೈಯುವುದಿದ್ದರೆ ಬೈದುಬಿಡು. ನಿನಗೆ ಫೋನು ಮಾಡುವ ಹಾಗಿಲ್ಲ, ಕಾಗದದಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆಯಲು ಧೈರ್ಯ ಬರಲಿಲ್ಲ. ಹೀಗೆ ದಿನಗಳು ಕಳೆದುಹೋದವು.

ಮೊದಲು ಒಳ್ಳೆಯ ಸುದ್ದಿ. ಈ ಸಲ ದಪ್ಪ ಹಸಿಮೆಣಸಿನಕಾಯಿ ಚೆನ್ನಾಗಿ ಬಂದಿದೆ. ಸುಟ್ಟು, ಸಿಪ್ಪೆ ಸುಲಿದು, ನಿನ್ನ ಪಾಲನ್ನು ಫ್ರೀಜರಿನಲ್ಲಿಟ್ಟಿದ್ದೇನೆ. ನಿನ್ನ ಕುಂಟ ನಾಯಿ ಈಗಲೂ ಶಾಲೆಯ ಬಸ್ಸು ಬಂದಾಗಲೆಲ್ಲ ಗೇಟಿಗೆ ಓಡುತ್ತದೆ.

ನಿನ್ನಪ್ಪನ ರೈಫಲ್ ಪಂದ್ಯ ಏನಾಯಿತು ಎಂದು ಕೇಳಿದ್ದೆಯಲ್ಲ, ಅದನ್ನು ಹೇಳುತ್ತೇನೆ.

ನೀನು ಹೋದ ಮೇಲೆ ಅವನ ಶೆಡ್ಡಿನಲ್ಲಿ ಒಂದು ಆಳು ಕಡಿಮೆಯಾಯಿತು. ಮೊದಲೆಲ್ಲ ನೀನು ತಕ್ಕಡಿಯ ಅಂಕಿ ಓದುತ್ತಿದ್ದೆ, ಅವನು ಕಾಡತೂಸಿನ ಹಿತ್ತಾಳೆ ಕೊಳವೆಗಳಿಗೆ ಮದ್ದು ಸುರಿದು ಮೇಲೆ ಗುಂಡು ಕೂರಿಸುತ್ತಿದ್ದ. ನಾನು ಓದುತ್ತೇನೆ ಎಂದು ಹೋದರೆ, "ಮೂವತ್ತು ವರ್ಷದಿಂದ ತುಂಬ್ತಿದೀನಿ ಒಫೀಲಿಯಾ, ನಂಗೆ ಕಾವಲು ಬೇಕಾ?" ಎಂದು ಬಾಗಿಲು ಹಾಕಿಕೊಂಡ. ಅಷ್ಟು ಸಾಲದೆಂದು ಗುಂಡನ್ನೇ ಬದಲಾಯಿಸಿದ. ನಿಮಗಿಬ್ಬರಿಗೂ ಅಷ್ಟು ಇಷ್ಟವಾಗಿದ್ದ ಹಳೆಯ ಗುಂಡು ಬಿಟ್ಟು ಉದ್ದನೆಯ, ಭಾರದ ಗುಂಡು ತರಿಸಿದ. ಯಾಕೆ ಎಂದು ಕೇಳಿದೆ.

"ಗಾಳಿ ಯಾವ ಕಡೆ, ಎಷ್ಟು ಅಂತ ಓದೋಳು ಹೊರಟುಹೋದಳಲ್ಲ. ಇದು ಗಾಳಿಗೆ ಅಷ್ಟಾಗಿ ಜರುಗಲ್ಲ. ಓದೋದು ಸ್ವಲ್ಪ ತಪ್ಪಿದ್ರೂ ನಡಿಯತ್ತೆ."

ಭಾರದ ಗುಂಡಿಗೆ ವೇಗ ಬೇಕು, ವೇಗಕ್ಕೆ ಮದ್ದು ಬೇಕು. ಮದ್ದಿನ ಅಳತೆಯನ್ನು ಅವನು ಗೊತ್ತು ಮಾಡಿಕೊಂಡದ್ದು ಮಾರ್ಚಿನಲ್ಲಿ, ಬೆಟ್ಟದ ಮೇಲೆ ಇನ್ನೂ ಹಿಮವಿದ್ದಾಗ. ಆ ಚಳಿಯಲ್ಲಿ ಎಲ್ಲ ಸರಿಯಾಗಿಯೇ ಇತ್ತು, ಮದ್ದು ಬಿಸಿಯಾದರೆ ಒತ್ತಡ ಏರುತ್ತದೆ.

ಪಂದ್ಯದ ದಿನ ಮೆಸಾದ ಚಪ್ಪಟೆ ನೆತ್ತಿಯ ಮೇಲೆ ಕಲ್ಲು ಸಿಡಿಯುವಂಥ ಬಿಸಿಲು. ನಿನ್ನ ಜಾಗದಲ್ಲಿ, ಅವನ ಬಲಗಡೆ, ದುರ್ಬೀನಿನ ಹಿಂದೆ, ಗಾಳಿ ನೋಡಲು ನಾನು ಕೂತೆ. ಪಕ್ಕದ ಚಾಪೆಯಲ್ಲಿ ವೆಂಡೆಲ್. ಅವನ ಬಾಯಿ ನಿನಗೆ ಗೊತ್ತೇ ಇದೆ, ನಿನ್ನಪ್ಪನನ್ನು ಕೆಣಕದೆ ಬಿಡುವುದಿಲ್ಲ.

"ಏನ್ ಬೆನೀಸಿಯೊ, ಅದು ಗುಂಡೋ ಪೆನ್ಸಿಲ್ಲೋ? ಗುರಿಗೆ ಹೊಡೀತೀಯೋ, ಇಲ್ಲ ಅದಕ್ಕೆ ಕಾಗದ ಬರೀತೀಯೋ?"

"ನೀನು ನಿನ್ನ ಬಟಾಣಿ ಕಾಳು ಹಾರಿಸ್ಕೊಂಡಿರು, ಸಾಕು."

ಮೊದಲ ಗುಂಡುಗಳೆಲ್ಲ ನಟ್ಟನಡುವೆ ಬಿದ್ದವು. ಸಾವಿರ ಗಜ ದೂರದಲ್ಲಿ ಗುರಿಯ ಫಲಕ ಕೆಳಗಿಳಿದು ಮೇಲೆ ಬಂದಾಗಲೆಲ್ಲ ಗುರುತು ಕರಿಯ ವೃತ್ತದ ಮಧ್ಯದಲ್ಲೇ ಇರುತ್ತಿತ್ತು. ವೆಂಡೆಲ್ ತಮಾಷೆ ನಿಲ್ಲಿಸಿದ. ಹೀಗೇ ಮುಗಿಸಿದರೆ ರಾಜ್ಯದ ತಂಡದಲ್ಲಿ ನಿನ್ನಪ್ಪನಿಗೆ ಜಾಗ ಖಂಡಿತ ಎಂದು ಹಿಂದೆ ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಆಮೇಲೆ ಖಾಲಿ ಕೊಳವೆ ಹೊರಹಾಕುವ ಬೋಲ್ಟಿನ ಹಿಡಿ ಬಿಗಿಯಾಯಿತು. ಎರಡು ಬೆರಳಲ್ಲಿ ಎತ್ತುತ್ತಿದ್ದವನು ಅಂಗೈಯಿಂದ ಗುದ್ದಿ ಎತ್ತಿದ. ಚಾಪೆಯ ಮೇಲೆ ಬಿದ್ದ ಖಾಲಿ ಕೊಳವೆ ಎತ್ತಿ ನೋಡಿದೆ. ತಳದಲ್ಲಿ ಕಿಡಿ ಹೊತ್ತಿಸುವ ಕೇಪು ಚಪ್ಪಟೆಯಾಗಿತ್ತು, ಹಿತ್ತಾಳೆಯ ಮೇಲೆ ಹೊಳೆಯುವ ಗಾಯವಿತ್ತು. ಒಳಗಿನ ಒತ್ತಡ ಹೆಚ್ಚಾದರೆ ಹೀಗಾಗುತ್ತದೆ ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ.

"ಬೆನೀ, ನಿಲ್ಲಿಸು."

"ಬಿಸಿಲಿಗೆ ಹಾಗಾಗ್ತಿದೆ, ಅಷ್ಟೆ. ಗಾಳಿ ನೋಡು."

"ಗಾಳಿ ಹಾಳಾಗ್ಲಿ. ಈ ಕೇಪು ನೋಡು."

"ಸುಮ್ನಿರೇ!"

ಇನ್ನೊಂದು ಹೊಡೆದ. ಬೋಲ್ಟಿನ ಬದಿಯಿಂದ ಬುಸ್ಸೆಂದು ಬಿಸಿ ಹೊಗೆ ಅವನ ಕೆನ್ನೆಗೆ ಬಡಿಯಿತು. ಕೇಪು ತೂತಾಗಿತ್ತು. ಕೆನ್ನೆಯ ಮೇಲೆ ಕರಿ ಮೆತ್ತಿಕೊಂಡಿತ್ತು, ಕಣ್ಣಲ್ಲಿ ನೀರು. ಅದನ್ನು ತೋಳಿನಿಂದ ಒರೆಸಿಕೊಂಡು, ಮಗಳೇ, ನಿನ್ನಪ್ಪ ಮತ್ತೊಂದು ಕಾಡತೂಸಿಗೆ ಕೈ ಚಾಚಿದ.

ಅಪಾಯ ಕಂಡವರು ಯಾರು ಬೇಕಾದರೂ ಕೂಗಬಹುದು ಎನ್ನುವುದು ಅಲ್ಲಿಯ ನಿಯಮ. ಹೆಂಡತಿ ಕೂಗಿದ್ದನ್ನು ನಾನಂತೂ ಕಂಡಿರಲಿಲ್ಲ. ನಾನು ಎದ್ದು ನಿಂತು, ಗಂಟಲು ಹರಿಯುವ ಹಾಗೆ, "ಗುಂಡು ನಿಲ್ಲಿಸಿ!" ಎಂದು ಕೂಗಿದೆ.

ಇಡೀ ಸಾಲು ನಿಂತಿತು. ಕೆಂಪು ಬಾವುಟ ಏರಿತು. ಅಧಿಕಾರಿ ಓಡಿ ಬಂದು, ಖಾಲಿ ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಸರ್, ಈ ಡಬ್ಬಿ ಇವತ್ತಿಗೆ ಮುಚ್ಚಿ" ಎಂದು ಮೆಲ್ಲಗೆ ಹೇಳಿದರು. ವೆಂಡೆಲ್ ತನ್ನ ಕಾಡತೂಸುಗಳ ಡಬ್ಬಿಯನ್ನು ನಿನ್ನಪ್ಪನ ಕಡೆ ತಳ್ಳಿ, "ತಗೊಳ್ಳೋ, ನಾಚ್ಕೋಬೇಡ" ಎಂದ. ಅಪ್ಪ ಅದನ್ನು ಮುಟ್ಟಲಿಲ್ಲ. ರೈಫಲನ್ನು ಚೀಲಕ್ಕೆ ಹಾಕಿ ನನ್ನ ಕಡೆ ತಿರುಗಿ, "ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ಬಿಟ್ಟೆ" ಎಂದ. ತಂಡದ ಜಾಗ ಬೇರೆಯವರಿಗೆ ಹೋಯಿತು.

ಮನೆಗೆ ಬಂದ ಮೇಲೆ ಊಟದ ತಟ್ಟೆ ತೆಗೆದುಕೊಂಡು ಶೆಡ್ಡಿಗೆ ಹೋಗುತ್ತಿದ್ದ. ಒಂದು ಮಧ್ಯಾಹ್ನ ನಾನೇ ಬಾಗಿಲು ತಳ್ಳಿ ಒಳಗೆ ಹೋದೆ. ಉಳಿದ ಕಾಡತೂಸುಗಳಿಂದ ಗುಂಡು ಕಿತ್ತು, ಮದ್ದನ್ನು ಮತ್ತೆ ತೂಗುತ್ತಿದ್ದ. "ನೋಡು ಬಾ," ಎಂದ, ಜಗಳಕ್ಕೆ ಬಂದವನ ಹಾಗೆ. "ಎಲ್ಲ ಸರಿಯಾಗೇ ಇದೆ. ನಲವತ್ತೊಂದು ಚುಕ್ಕಿ ಮೂರು ಗ್ರೇನ್."

ನಾನು ತಕ್ಕಡಿ ನೋಡಿದೆ. "ಎಂಟು, ಬೆನೀ."

"ಮೂರು."

"ನಲವತ್ತೊಂದು ಚುಕ್ಕಿ ಎಂಟು."

"ಮೂರು ಕಣೇ! ನಂಗೆ ಕಣ್ಣಿಲ್ವಾ?"

ಹಾಗೆಂದವನು ತಕ್ಕಡಿಯ ಮೇಲೆ ಬಗ್ಗಿದ. ತಲೆಯನ್ನು ಕೋಳಿಯ ಹಾಗೆ ಒಂದು ಬದಿಗೆ ವಾಲಿಸಿ, ಕಣ್ಣಂಚಿನಿಂದ ನೋಡಿದ. ಇನ್ನೊಂದು ಬದಿಗೆ ವಾಲಿಸಿ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ. ತಕ್ಕಡಿಯನ್ನು ನನ್ನ ಕಡೆ ತಳ್ಳಿ ಹೇಳಿದ: "ಮಧ್ಯದಲ್ಲಿ ಏನೂ ಕಾಣಲ್ಲ ಒಫೀಲಿಯಾ. ಸುತ್ತ ಎಲ್ಲ ಇದೆ, ಮಧ್ಯದಲ್ಲೇ ಇಲ್ಲ. ಫಲಕದ ಅಂಚು ಕಾಣತ್ತೆ, ಅದನ್ನ ನೋಡಿ ನಡುವಿಗೆ ಹೊಂದಿಸ್ಕೊಳ್ತಿದ್ದೆ. ಗಾಳಿ ಓದೋಕೆ ಬಿಸಿಲ ಝಳ ಯಾವ ಕಡೆ ಹರೀತಿದೆ ಅಂತ ಕಾಣ್ಬೇಕಲ್ಲ, ಅದೂ ಕಾಣಲ್ಲ. ಅದಕ್ಕೇ ಭಾರದ ಗುಂಡು ತಗೊಂಡೆ."

ಅಳತೆ ಮೀರಿದ್ದು ಅರ್ಧ ಗ್ರೇನ್. ಬೆರಳಿಗೆ ಅಂಟಿದರೂ ಗೊತ್ತಾಗದಷ್ಟು ಮದ್ದು. ಇನ್ನೊಂದು ಹೊಡೆದಿದ್ದರೆ, ಬಿಸಿಲಿನ ಜೊತೆ ಸೇರಿ ಅವನ ಮುಖವನ್ನು ಒಯ್ಯಲು ಅದೇ ಸಾಕಾಗುತ್ತಿತ್ತು.

ಅಲ್ಬುಕರ್ಕಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎರಡೂ ಕಣ್ಣುಗಳ ನಡುಭಾಗ ಸವೆಯುತ್ತಿದೆಯಂತೆ. ಪೂರ್ತಿ ಕುರುಡನಾಗುವುದಿಲ್ಲ, ಆದರೆ ಹೋದದ್ದು ಬರುವುದಿಲ್ಲ. ಟ್ರಕ್ಕನ್ನು ಈಗ ನಾನೇ ಓಡಿಸುತ್ತೇನೆ, ಅವನು ಪಕ್ಕದಲ್ಲಿ ಕೂತು ನನ್ನ ಗೇರುಗಳನ್ನು ಬೈಯುತ್ತಾನೆ. ಮೊನ್ನೆ ವೆಂಡೆಲ್ ಬಂದು, "ನೀನು ಹೇಳು, ನಾನು ತುಂಬ್ತೀನಿ" ಎಂದು ಶೆಡ್ಡಿನಲ್ಲಿ ಕೂತ. ಹೊರಡುವಾಗ ಇಬ್ಬರೂ ನಗುತ್ತಿದ್ದರು. ನನಗೆ ಅಷ್ಟೇ ಬೇಕಾಗಿತ್ತು.

ನಿನ್ನ ಕಾಲಿನ ಬೊಬ್ಬೆಗಳಿಗೆ ಮುಲಾಮು ಕಳಿಸಿದ್ದೇನೆ. ಯಾರು ಗದರಿದರೂ ತಲೆ ಎತ್ತಿ ನಿಲ್ಲು. ಗುವಾಡಲೂಪೆ ಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ, ನಿನ್ನ ದಾರಿ ನೇರವಾಗಲಿ.

ಇಂತು ನಿನ್ನ ಅಮ್ಮ,
ಒಫೀಲಿಯಾ

ವಿ.ಸೂ.: ಕಣ್ಣಿನ ವಿಷಯ ನಿನಗೆ ಬರೆಯಕೂಡದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಡಾಕ್ಟರು "ಮಕ್ಕಳಿದ್ದಾರಾ?" ಎಂದು ಕೇಳಿದಾಗ ಅವನು "ಇಲ್ಲ" ಎಂದುಬಿಟ್ಟ. ನನ್ನ ಎದುರಿಗೇ. ಹೊರಗೆ ಬಂದು ಟ್ರಕ್ಕಿನ ಬಾಗಿಲು ಹಿಡಿದು ಅತ್ತ. "ಇದ್ದಾಳೆ ಅಂದ್ರೆ ಅವಳ ಕಣ್ಣೂ ತೋರಿಸಿ ಅಂತಾರೆ. ಏನಾದ್ರೂ ಸಿಕ್ಕಿದ್ರೆ ಸೈನ್ಯದವರು ವಾಪಸ್ ಕಳಿಸ್ತಾರೆ. ಅಷ್ಟು ಆಸೆಪಟ್ಟು ಹೋಗಿದಾಳೆ ಕಣೇ." ಕೈಚೀಲ ಮರೆತೆ ಎಂದು ಸುಳ್ಳು ಹೇಳಿ ನಾನು ವಾಪಸ್ ಒಳಗೆ ಹೋದೆ, ನಮಗೆ ಒಬ್ಬ ಮಗಳಿದ್ದಾಳೆ ಎಂದೆ. ಈ ಕಾಯಿಲೆ ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು, ಬೇಗ ತೋರಿಸಿದರೆ ಒಳ್ಳೆಯದು ಎಂದರು. ಅಪ್ಪನಿಗೆ ಮೊದಮೊದಲು ನೆಟ್ಟಗಿರುವ ಬೇಲಿಯ ತಂತಿ ನಡುವೆ ಬಾಗಿದಂತೆ ಕಾಣುತ್ತಿತ್ತಂತೆ. ಡೆಲ್ಫೀ, ನಿನಗೆ ಹಾಗೆ ಎಲ್ಲಿಯಾದರೂ ಕಂಡಿದೆಯಾ? ಅಪ್ಪನಿಗೆ ಏನು ಬೇಕಾದರೂ ಬರಿ. ನನಗೆ ಮಾತ್ರ ನಿಜ ಬರಿ.